ದೇವರಿಗೆ ಬಾರದ ಹೂವು

ಹೊಸ ಕಣ್ಣು ಬಂದ ಮೇಲೆ ಗದಿಗೆವ್ವನಿಗೆ ಮೊದಲು ಕಂಡ ಅನ್ಯಾಯವೆಂದರೆ ತನ್ನ ಅಂಗಳ ಬೋಳಾಗಿದ್ದದ್ದು. ಬೆಟಗೇರಿಯ ಆ ಓಣಿಯಲ್ಲಿ ಅವಳ ಮನೆಯ ದಾಸವಾಳ, ಕಣಗಿಲೆಗಳಿಗೆ ಹೆಸರಿತ್ತು. ಪೊರೆ ಬಂದು ಕಣ್ಣು ಮಂಜಾಗಿದ್ದ ಎರಡು ಚಳಿಗಾಲವೂ ಪಕ್ಕದ ಮನೆಯ ಕಳಕವ್ವ ನಸುಕಿನಲ್ಲಿ ಪೂಜೆಗೆ ಹೂ ಹರಿಯಲು ಬಂದವಳು, "ಯಕ್ಕಾ, ಗಿಡದ ತುಂಬ ಹೂ ಬಿಟ್ಟಾವ ನೋಡ" ಎಂದು ಕೂಗಿ ಹೇಳುತ್ತಿದ್ದಳು. ಗದಿಗೆವ್ವ ಒಳಗೇ ಕುಳಿತು ಹಿಗ್ಗುತ್ತಿದ್ದಳು. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮರುದಿನ ಬಿಸಿಲಿಗೆ ಕಟ್ಟೆಯ ಮೇಲೆ ಕುಳಿತು ನೋಡುತ್ತಾಳೆ, ಗಿಡದ ತುಂಬ ಬರೀ ಎಲೆ! ಹೂವೆಲ್ಲ ಕಳಕವ್ವನ ಬಟ್ಟಲು ಸೇರಿ, ಅಲ್ಲಿಂದ ದೇವರ ಜಗಲಿ ಹತ್ತಿದ್ದವು.

ದೇವರಿಗೆಂದು ಬಂದವರಿಗೆ ಹೂ ಇಲ್ಲ ಎನ್ನುವುದುಂಟೆ? ಆದರೆ ಹೊಟ್ಟೆ ಉರಿಯಿತು. ಇಷ್ಟು ಪಾಡುಪಟ್ಟು ಮಾಡಿಸಿಕೊಂಡ ಕಣ್ಣು ಎಲೆ ನೋಡುವುದಕ್ಕೇನು? ಮುಂದಿನ ಚಳಿಗಾಲಕ್ಕಾದರೂ ಹೂವನ್ನು ಗಿಡದ ಮೇಲೇ ನೋಡಬೇಕು, ಹಗಲೆಲ್ಲ ನೋಡಬೇಕು ಎಂದು ಹಟ ತೊಟ್ಟಳು.

ಮಳೆಗಾಲ ಹಿಡಿದೊಡನೆ ಲಕ್ಷ್ಮೇಶ್ವರದ ಬಸ್ಸು ಹತ್ತಿ ಇಜಾಜನ ನರ್ಸರಿಗೆ ಹೋದಳು.

"ಥಂಡ್ಯಾಗ ಚೆಂದ ಕಾಣೋ ಗಿಡ ಬೇಕಪಾ. ಆದ್ರ ಅದರ ಹೂ ಯಾ ದೇವ್ರಿಗೂ ಬರಬಾರದು."

ಇಜಾಜ ನಕ್ಕುಬಿಟ್ಟ. "ಎಲ್ಲಾರೂ ಪೂಜಿ ಹೂ ಕೇಳ್ತಾರ್ರಿ ಅವ್ವಾರ. ನೀವೊಬ್ರ ಹಿಂಗ."

ನಕ್ಕರೂ ಹುಡುಕಿಕೊಟ್ಟ. ಗುಲಾಬಿ ಬಣ್ಣದ ಕಾಗದದ ಹೂವಿನ ಬಳ್ಳಿ ಎರಡು, ಆಗಲೇ ಎದೆಯೆತ್ತರ ಬೆಳೆದವು. ಕೈ ಹಾಕಿದರೆ ಮುಳ್ಳು. ಚಳಿ ಬಿದ್ದೊಡನೆ ತುದಿಯ ಎಲೆಗಳೇ ಕೆಂಪಾಗುವ ಒಂದು ಗಿಡ. ಮತ್ತೊಂದು ಆಕಾಶಮಲ್ಲಿಗೆ.

"ಇದರ ಹೂ ಕೈಗೆ ಸಿಗಾಂಗಿಲ್ರಿ, ಅಷ್ಟು ಎತ್ತರ ಆಗ್ತೈತಿ. ಆದ್ರ ಬೆಳ್ಯಾಕ ನಾಕೈದು ವರ್ಷ ಬೇಕು."

"ಕಣ್ಣು ಹೊಸಾವು ಅದಾವ. ತಡೀತಾವ ತಗೋ."

ಹಳೆಯ ಗಿಡಗಳಿಗೆ ಹುಳ ಹತ್ತಿದೆ ಎಂಬ ನೆವ ಹೇಳಿ ಕೀಳಿಸಿದಳು. ಹುಳ ಎಲ್ಲಿತ್ತೋ ಅವಳೇ ಬಲ್ಲಳು. ಕಳಕವ್ವ ಒಂದು ಮುಂಜಾನೆ ಬಟ್ಟಲು ಹಿಡಿದು ಬಂದು, ಅಗೆದ ಮಣ್ಣು ನೋಡಿ, ಖಾಲಿ ಬಟ್ಟಲಲ್ಲೇ ತಿರುಗಿ ಹೋದಳು.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಅಂಗಳ ರಂಗೇರಿತು. ಕಾಂಪೌಂಡಿನ ಮೇಲೆಲ್ಲ ಗುಲಾಬಿ, ಬಾಗಿಲ ಬದಿಗೆ ಕೆಂಪು. ಮಗ ಸೊಸೆ ಅಂಗಡಿಗೆ ಹೋದ ಮೇಲೆ ಗದಿಗೆವ್ವ ಬಿಸಿಲು ಕಾಯಿಸುತ್ತ ಕಣ್ತುಂಬ ನೋಡಿದಳು. ಮರುದಿನವೂ ನೋಡಿದಳು. ಒಂದೂ ಕಡಿಮೆಯಾಗಿರಲಿಲ್ಲ. "ಏನ್ ಚೆಂದ ಬಿಟ್ಟಾವ" ಎಂದು ಬಾಯಿಬಿಟ್ಟು ಹೇಳಿದಳು. ಹೂಂ ಎನ್ನಲು ಯಾರೂ ಇರಲಿಲ್ಲ. ನಸುಕಿನ ಗೇಟಿನ ಸದ್ದು, ಓಣಿಯ ಖಬರು, ನಗೆಮಾತು ಎಲ್ಲವೂ ಆ ಬಟ್ಟಲಿನ ಜೊತೆಗೇ ಬರುತ್ತಿದ್ದವು ಎಂಬುದು ಆಗ ಹೊಳೆಯಿತು. ಕಳಕವ್ವನಿಲ್ಲದೆ ಅವಳಿಗೆ ಬೇಸರವಾಗಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಗೇಟಿನ ಹೊರಗೆ ಕಳಕವ್ವ ನಿಂತಿದ್ದಳು. ಕೈಯಲ್ಲಿ ಬಟ್ಟಲಿರಲಿಲ್ಲ.

"ಅವು ದೇವ್ರಿಗೆ ಬರೂದಿಲ್ಲ" ಎಂದಳು ಗದಿಗೆವ್ವ, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ.

"ಗೊತ್ತೈತಿ ಯಕ್ಕಾ. ನೋಡಾಕ ಬಂದೆ. ಎರಡು ವರ್ಷ ಹರದೆ ಖರೆ, ಒಂದಿನಾನೂ ನಿಂತು ನೋಡಿದ್ದಿಲ್ಲ."

"ಹೊರಗ್ಯಾಕ ನಿಂತಿ ಮತ್ತ?"

"ಹೂವಿನ ನೆವಾನೂ ಇಲ್ಲ. ಹೆಂಗ ಬರ್ಲಿ?"

ಗದಿಗೆವ್ವ ಎದ್ದು ಹೋಗಿ ಗೇಟು ತೆಗೆದಳು.

"ಗಿಡಕ್ಕ ಹುಳ ಹತ್ತಿದ್ದಿಲ್ಲ ಕಳಕವ್ವಾ. ಸುಳ್ಳ ಹೇಳಿದೆ. ಕಾಂಪೌಂಡ್ ಹೊರಗ ಎರಡು ಕಣಗಿಲ ಹಚ್ತೀನಿ, ನಿನ್ನ ದೇವ್ರಿಗೆ."

ಕಳಕವ್ವ ಒಳಗೆ ಬಂದು, ತನ್ನ ಮನೆಯೇ ಎಂಬಂತೆ ಕಟ್ಟೆಯ ಮೇಲೆ ಕುಳಿತಳು.

"ಹಚ್ಚು. ದೇವ್ರಿಗೆ ಹೊರಗ ಆದೀತು. ನಾ ಮಾತ್ರ ಒಳಗ ಬರಾಕಿ."