ತಕ್ಷಣ, ಮಂಜುಗಡ್ಡೆಯಲ್ಲಿ

ಅಮ್ಮನ ಶವಪೆಟ್ಟಿಗೆ ಮುಚ್ಚಲು ಮುಚ್ಚಳ ಎತ್ತಿ ಹಿಡಿದವರನ್ನು ಮಗಳು ತಡೆದಳು. "ಒಂದ್ನಿಮಿಷ ಇರಿ."

ಬಾಗಿಲಲ್ಲಿ ಪ್ರೊಫೆಸರ್ ನಿಂತಿದ್ದರು. ಅವರ ಲ್ಯಾಬಿನಲ್ಲಿ ಅಮ್ಮ ಇಪ್ಪತ್ತೆರಡು ವರ್ಷ ಸಹಾಯಕಿಯಾಗಿ ದುಡಿದವಳು. ನಾಲ್ಕು ತಿಂಗಳು ಆಸ್ಪತ್ರೆಯ ಕಡೆ ತಲೆಹಾಕದ ಮನುಷ್ಯ ಇವತ್ತು ಹೂಗುಚ್ಛ ಹಿಡಿದು, ಬಗ್ಗಿ ಬಗ್ಗಿ ಒಳಗೆ ಬಂದರು.

"ಅತಿವಿನಯ ಧೂರ್ತಲಕ್ಷಣ," ಎಂದು ಚಿಕ್ಕಮ್ಮ ಗೊಣಗಿದಳು.

"ನಿಮ್ಮಮ್ಮ ನನಗೆ ಬಲಗೈ ಇದ್ದ ಹಾಗಿದ್ರಮ್ಮ," ಎಂದ ಪ್ರೊಫೆಸರ್ ದನಿ ತಗ್ಗಿಸಿದರು. "ಬರೋ ವಾರ ತನಿಖೆಯವರು ಬರ್ತಾರೆ. ಅವರೆದುರು ಆ ಚಿನ್ನದ ಪ್ರಯೋಗ ಮಾಡಿ ತೋರಿಸ್ಬೇಕು. ನೋಟ್‌ಬುಕ್ಕಲ್ಲಿ ಇದ್ದ ಹಾಗೇ ಮಾಡ್ತಿದೀವಿ, ಬರ್ತಾನೇ ಇಲ್ಲ. ಪ್ರಬಂಧದಲ್ಲಿ ಸುಳ್ಳು ಬರೆದಿದ್ದೀನಿ ಅಂತಾರೆ."

*

ಚಿನ್ನವನ್ನು ಹಿಡಿಯುವ ಪ್ರೋಟೀನ್ ಅಮ್ಮನ ಕೈಯಲ್ಲಿ ಹುಟ್ಟಿದ್ದು. ನೂರಾರು ಬಗೆ ಮಾಡಿ, ಎಷ್ಟು ತೊಳೆದರೂ ಚಿನ್ನ ಬಿಡದ ಒಂದನ್ನು ಅವಳು ಆರಿಸಿದ್ದಳು. ಕಣ್ಣಿಗೆ ಕಾಣದ ಚಿನ್ನದ ಕಣಗಳು ಅದಕ್ಕೆ ಅಂಟಿ ಸಾಲುಗಟ್ಟಿದರೆ, ಆ ಕಣಗಳಿಂದ ಕೆಂಪಗಿದ್ದ ನೀರು ನೀಲಿಯಾಗುತ್ತಿತ್ತು. ಕೆಟ್ಟರೆ ತಳದಲ್ಲಿ ಕಪ್ಪು ಗಸಿ. ಪ್ರೋಟೀನಿನ ಬಿಸಿ ಕೊಳವೆಯನ್ನು ಅಮ್ಮ ತನ್ನ ಉಣ್ಣೆಯ ಶಾಲಿನಲ್ಲಿ ಸುತ್ತಿ ಸಂಜೆಯವರೆಗೆ ಬಿಡುತ್ತಿದ್ದಳು.

"ನಿಧಾನಕ್ಕೆ ಆರ್ಬೇಕು ಕಣೇ. ಅವಸರ ಮಾಡಿದ್ರೆ ಸರಿಯಾಗಿ ಮಡಚ್ಕೊಳ್ಳಲ್ಲ, ಚಿನ್ನಾನೂ ಹಿಡಿಯಲ್ಲ."

ಪ್ರಬಂಧ ಅಚ್ಚಾದಾಗ ಅದರಲ್ಲಿ ಪ್ರೊಫೆಸರರ ಹೆಸರೊಂದೇ ಇತ್ತು. ಕೇಳಿದ್ದಕ್ಕೆ, "ಕೊಳವೆ ತೊಳೆಯೋರ ಹೆಸರೆಲ್ಲ ಹಾಕೋಕಾಗುತ್ತಾ?" ಎಂದು ನಕ್ಕರಂತೆ. ಅಮ್ಮ ಅಳಲಿಲ್ಲ. ಲ್ಯಾಬಿನ ನೋಟ್‌ಬುಕ್ಕಿನಲ್ಲಿ "ತಣಿಸಿ" ಎಂದಷ್ಟೇ ಇದ್ದ ಕಡೆ ದುಂಡಗಿನ ಅಕ್ಷರದಲ್ಲಿ ಸೇರಿಸಿದಳು: "ತಕ್ಷಣ, ಮಂಜುಗಡ್ಡೆಯಲ್ಲಿ."

"ನಾನಿರೋವರೆಗೂ ನಡೆಯುತ್ತೆ," ಎಂದು ಮನೆಗೆ ಬಂದು ಮಗಳಿಗೆ ಹೇಳಿದ್ದಳು. "ಆಮೇಲೆ ಹೆಸರೂ ಅವರದೇ, ಕೈಯೂ ಅವರದೇ."

*

"ನಿಮ್ಮಮ್ಮ ಬೇರೆ ಏನಾದ್ರೂ ಹೇಳಿದ್ರಾ?" ಪ್ರೊಫೆಸರರ ಹಣೆ ಬೆವರಿತ್ತು.

ಆ ಬೆವರು ನೋಡಿ ಮಗಳ ಹೊಟ್ಟೆ ತಣ್ಣಗಾಯಿತು. ಸಾವಿನ ಮನೆಯಲ್ಲಿ ಇಷ್ಟು ಖುಷಿಪಡಬಾರದೆಂದು ಅವಳಿಗೂ ಗೊತ್ತಿತ್ತು.

"ಹೇಳಿದ್ಲು ಸರ್. ಐಸ್ ಇನ್ನೂ ಜಾಸ್ತಿ ಹಾಕ್ಬೇಕಂತೆ."

ಚಿಕ್ಕಮ್ಮನಿಗೆ ಕೆಮ್ಮು ಬಂತು. ಪ್ರೊಫೆಸರ್ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.

"ಒಂದು ಉಪಕಾರ ಮಾಡಿ ಸರ್. ಕಾಲ ಹತ್ರ ಹೊದಿಕೆ ಜಾರಿದೆ."

ಪ್ರೊಫೆಸರ್ ಮಂಡಿಯೂರಿದರು. ಕೊಳವೆಯ ಬಿಸಿಗೆ ಅಲ್ಲಲ್ಲಿ ಕಂದಿದ್ದ ಆ ಉಣ್ಣೆಯ ಶಾಲನ್ನು ಎರಡೂ ಕೈಯಿಂದ ಅಮ್ಮನ ಪಾದಗಳಿಗೆ ಬಿಗಿಯಾಗಿ ಸುತ್ತಿ, ಅಂಚನ್ನು ಒಳಗೆ ಸಿಕ್ಕಿಸಿ, ಎದ್ದುನಿಂತರು.

"ಆಯ್ತು," ಎಂದರು ಅವರೇ, "ಮುಚ್ಚಿಬಿಡಿ."