ಬಸವಣ್ಣೆಮ್ಮ ಕೇಳಿದ ಮಾಸು

ಫಾರ್ಮಲಿನ್ ಘಾಟು ಕಣ್ಣಿಗೇ ಹತ್ತುತ್ತದೆ, ಒರೆಸಿಕೊಂಡರೆ ಅತ್ತಳೆಂದುಕೊಳ್ಳುತ್ತಾರೆ, ಡಾಕ್ಟರ್ ಗುರುಶಾಂತಮ್ಮ ಒರೆಸಿಕೊಳ್ಳಲಿಲ್ಲ — ಬೋಗುಣಿಯಲ್ಲಿ ನಿರ್ಮಲಳ ಮಾಸು, ಕೂಸಿನ ಹಿಂದೆಯೇ ಬಿದ್ದದ್ದು, ಇನ್ನೂ ಬೆಚ್ಚಗಿದೆ, ಇರಬೇಕಾದ್ದಕ್ಕಿಂತ ಚಿಕ್ಕದು, ಕೆಂಪಿನ ನಡುವೆ ಬಿಳಿಚಿ ಗಟ್ಟಿಯಾದ ಕಲೆಗಳು, ರಕ್ತ ಹರಿಯದೆ ಸತ್ತ ಜಾಗಗಳು, ಕಾರಣ ಇಲ್ಲೇ ಇರಬೇಕು, ಇಲ್ಲೇ, ಜನ ಇದನ್ನು ಬಸಿರು ನಂಜು ಎನ್ನುತ್ತಾರೆ, ಮೈಸೂರಲ್ಲಿ ಓದಿದ ದಪ್ಪ ಪುಸ್ತಕಗಳೂ ನಂಜೆಂದೇ ಬರೆದವು, ಯಾವ ನಂಜು, ಎಲ್ಲಿ ಹುಟ್ಟುತ್ತದೆ, ಕಂಡವರಿಲ್ಲ — ಬೆಂಗಳೂರಿಗೆ ಕಳಿಸಿದರೆ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ, ಕೆಡದಂತೆ ಫಾರ್ಮಲಿನ್ ಜಾಡಿಗೆ ಹಾಕಿ ಮುಚ್ಚಿದರೆ ಮುಗಿಯಿತು, ಯಾರನ್ನು ಕೇಳಬೇಕು, ಕೇಳಬೇಕಾದವಳು ಒಳಗೆ ಕತ್ತಲು ಮಾಡಿದ ಕೋಣೆಯಲ್ಲಿ ಮೈಮರೆತು ಬಿದ್ದಿದ್ದಾಳೆ, ಹರಿಹರದಿಂದ ಬಸ್ಸಿನಲ್ಲಿ ಬರುವಾಗ ಬಾತಿ ಊರಿನ ಹತ್ತಿರ ಕೈಕಾಲು ಸೆಟೆದು ಮೊದಲ ಸೆಳವು, ದಾವಣಗೆರೆಗೆ ಬಂದ ಮೇಲೆ ಮತ್ತೆ, ಹೆರಿಗೆಯಾಯಿತು, ಕೂಸು ಅಳುತ್ತಿದೆ, ತಾಯಿ ಕಣ್ಣು ಬಿಟ್ಟಿಲ್ಲ, ಇನ್ನೊಂದು ಸೆಳವು ಬಂದರೆ, ಬಾರದಿರಲಿ — ಡಾಕ್ಟರಮ್ಮಾ, ಮಾಸು ಕೊಡ್ರಿ — ಬಾಗಿಲಲ್ಲಿ ನಿರ್ಮಲಳ ತಾಯಿ ಬಸವಣ್ಣೆಮ್ಮ, ಕೈಯಲ್ಲಿ ಅರಿಶಿನ ಹಚ್ಚಿದ ಹೊಸ ಮಡಕೆ, ಹಿತ್ತಲಾಗೆ ಹೂಳಬೇಕ್ರಿ, ನಾಯಿ ಪಾಲಾದ್ರೆ ಕೂಸಿಗೆ ಒಳ್ಳೇದಲ್ಲ — ಎಸೆದುಬಿಟ್ಟೆವು ಎಂದರೆ ಸಾಕು, ಸುಳ್ಳು ನಾಲಗೆಯ ತುದಿಗೆ ಬಂದಿದೆ, ಆದರೆ ಆಕೆ ಮಡಕೆಯನ್ನು ಎದೆಗೆ ಅವುಚಿಕೊಂಡಿದ್ದಾಳೆ, ಅಮ್ಮಾ, ಇದು ನನಗೆ ಬೇಕಿತ್ತು, ಸೆಳವು ಯಾಕೆ ಬಂತು ಅಂತ ಹುಡುಕಬೇಕು — ಹುಡುಕಿದ್ರೆ ನಮ್ಮ ನಿರ್ಮಲ ಎದ್ದು ಕೂಡ್ತಾಳೇನ್ರಿ — ಇಲ್ಲಮ್ಮಾ, ಅವಳಿಗಲ್ಲ, ಮುಂದೆ ಇನ್ಯಾರಿಗೋ — ಇನ್ಯಾರಿಗೋ, ಎಂದಳು ಮುದುಕಿ, ನಮ್ಮ ಹಿರೇಮಗಳೂ ಹಿಂಗೇ ಹೋದ್ಲು, ಚೊಚ್ಚಲ ಬಸುರಾಗೆ, ಕಣ್ಣು ಮಂಜು ಮಂಜು ಅಂದ್ಲು, ದೃಷ್ಟಿ ತೆಗೆದ್ವಿ, ಹೋಗೇಬಿಟ್ಲು.

ಅಕ್ಕ, ತಂಗಿ, ಒಂದೇ ಹೊಟ್ಟೆಯವರು, ಹಾಗಾದರೆ ಬೇರು ಮಾಸಿನಲ್ಲಷ್ಟೇ ಇಲ್ಲವೇ, ರಕ್ತದಲ್ಲೇ ಇಳಿದು ಬರುತ್ತದೆಯೇ, ಇದನ್ನು ಯಾವ ಜಾಡಿಯಲ್ಲಿ ಹಾಕಿ ಕಳಿಸಲಿ — ಬಸವಣ್ಣೆಮ್ಮ ಮಡಕೆಯನ್ನು ನೆಲಕ್ಕಿಟ್ಟಳು, ಇಟ್ಕೊಳ್ರಿ, ಹುಡುಕ್ರಿ, ಆದ್ರೆ ಹೊರಗೆ ನಮ್ಮ ಸಣ್ಣೋಳು ಶಕುಂತಲ ನಿಂತವಳೆ, ಏಳು ತಿಂಗಳು, ಅವಳ್ನ ಒಂದ್ಸಲ ನೋಡ್ರಿ — ಹುಡುಗಿ ಬಂದು ಬೆಂಚಿನ ಮೇಲೆ ಕೂತಳು, ನಂಗೇನಾಗೇತ್ರಿ, ನಡೆದು ನಡೆದು ಕಾಲು ಬಾತಾವೆ ಅಷ್ಟೆ, ಎಂದು ನಕ್ಕಳು, ಗುರುಶಾಂತಮ್ಮ ಬಗ್ಗಿ ಅವಳ ಕಣಕಾಲಿನ ಎಲುಬಿನ ಮೇಲೆ ಹೆಬ್ಬೆರಳೊತ್ತಿ ತೆಗೆದಳು, ಗುಳಿ ಬಿತ್ತು, ನಿರ್ಮಲಳ ಕಾಲಲ್ಲೂ ಹೀಗೇ ಬಿದ್ದಿತ್ತು — ಒಳಗಿಂದ ನರ್ಸು ಓಡಿಬಂದಳು, ಡಾಕ್ಟ್ರೇ, ಕಣ್ಣು ಬಿಟ್ರು, ನೀರು ಕೇಳ್ತಾರೆ, ಬಸವಣ್ಣೆಮ್ಮ ನನ್ನವ್ವಾ ಎನ್ನುತ್ತ ಒಳಗೋಡಿದಳು, ಬದುಕಿದಳು, ನಿರ್ಮಲ ಬದುಕಿದಳು, ಶಕುಂತಲಳೂ ಎದ್ದೇಳಹೋದಳು — ಏಳಬ್ಯಾಡ, ಕೂಡು — ಕಾಲು ಬಿಡಲಿಲ್ಲ ಗುರುಶಾಂತಮ್ಮ, ಗುಳಿ ತುಂಬಿಕೊಳ್ಳಬೇಕು, ಈಗ ತುಂಬಿಕೊಳ್ಳುತ್ತದೆ, ಈಗ, ಹೆಬ್ಬೆರಳಿನಷ್ಟೇ ಅಗಲದ ಗುಳಿ, ಹಾಗೇ ಇದೆ, ಗುಳಿ