ಅವರ್ಸಾದ ಸಿಹಿ ಬಾವಿ

ವಾಚಕ ಮಹಾಶಯರೇ, ಮನೆಯನ್ನು ಮಾರಹೊರಟವರು ಯಾವ ದುರಸ್ತಿಯನ್ನು ಮಾಡಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿಷಯದಲ್ಲಿ ತಾವು ವಿವೇಕಿಗಳೇ ಇರಬಹುದು. ಆದರೂ ಕಡಲತಡಿಯ ಊರಾದ ಅವರ್ಸಾದ ಜಯಶ್ರೀಯ ವೃತ್ತಾಂತವನ್ನು ಒಮ್ಮೆ ಲಾಲಿಸಬೇಕಾಗಿ ವಿನಂತಿ.

ಗಂಡ ವಿನೋದ ಜ್ವರದಲ್ಲಿ ತೀರಿಕೊಂಡ ಮೇಲೆ ಜಯಶ್ರೀಗೆ ಕಾರವಾರದ ಒಂದು ವಸತಿನಿಲಯದಲ್ಲಿ ಅಡುಗೆಯ ಕೆಲಸ ಸಿಕ್ಕಿತ್ತು. ಮನೆ ಮಾರಿದರೆ ಅಲ್ಲಿಯ ಹಬ್ಬುವಾಡದಲ್ಲಿ ತನಗೂ ಮಗಳು ಭವ್ಯಾಳಿಗೂ ಒಂದು ಸೂರು. ಮಾರದಿದ್ದರೆ ಕೆಲಸವೂ ಕೈಬಿಟ್ಟಂತೆಯೇ. ಹೆಂಚು ಬದಲಿಸುವುದೋ, ಗೋಡೆಗೆ ಬಣ್ಣ ಬಳಿಸುವುದೋ, ಬಚ್ಚಲಿಗೆ ಟೈಲ್ಸ್ ಹಾಕಿಸುವುದೋ ಎಂದು ಅವಳು ತಲೆ ಕೆಡಿಸಿಕೊಂಡಳು. ಕೈಯಲ್ಲಿದ್ದ ಹಣ ಒಂದೇ ದುರಸ್ತಿಗೆ ಸಾಲುತ್ತಿತ್ತು. ಆದರೆ ಮನೆ ನೋಡಲು ಬಂದವರು ಹೆಂಚಿನ ಮಾಡನ್ನು ನೋಡದೆ ಬಾವಿಯೊಳಗೆ ಬಗ್ಗುತ್ತಿದ್ದರು.

"ಬೇಸಿಗೀಲಿ ನೀರು ಇರ್ತದೆ ಅಲ್ಲ, ವಹಿನಿ?"

ಇರುತ್ತಿರಲಿಲ್ಲ. ಬೇಸಿಗೆಯ ಕೊನೆಗೆ ಕೊಡ ಮುಳುಗುವಷ್ಟೂ ನಿಲ್ಲುತ್ತಿರಲಿಲ್ಲ. ಆಳ ಮಾಡಿಸೆಂದು ಅವಳು ವಿನೋದನಿಗೆ ವರ್ಷವೂ ಹೇಳಿದ್ದಳು. ಅವನು ನಕ್ಕು, "ಇದ್ದಷ್ಟು ಸಾಕೆ" ಎನ್ನುತ್ತಿದ್ದ. ಸೋಮಾರಿತನವೆಂದೇ ಅವಳು ತಿಳಿದಿದ್ದಳು. ಈಗ ಕೈಯಲ್ಲಿದ್ದ ಹಣವನ್ನು ಬಾವಿಗೇ ಹಾಕಲು ನಿಶ್ಚಯಿಸಿದಳು.

ಬಾವಿ ತೋಡುವವರು ಹಗ್ಗ ಇಳಿಬಿಡುವಾಗ ಪಕ್ಕದ ಮನೆಯ ನಾಗು ಕೊಡ ಹಿಡಿದು ಬಂದಳು. ಜಯಶ್ರೀ ಸೊಸೆಯಾಗಿ ಬರುವ ಮೊದಲಿನಿಂದಲೂ ಅವಳಿಗೆ ಇದೇ ನೀರು.

"ತಂಗಿ, ಅದ್ನ ಮುಟ್ಬ್ಯಾಡ. ಕೆಳಗೆ ಸಮುದ್ರ ಅದೆ. ಸಿಹಿ ನೀರು ಮೇಲೆ ನಿಂತದೆ, ಅಷ್ಟೇ."

"ಮನೆ ಮಾರಿ ಹೋದ್ರೆ ನಿಂಗೆ ನೀರು ಯಾರು ಕೊಡ್ತಾರೆ ಅಂತ ಹೆದ್ರಿಕೆ, ನಾಗಕ್ಕ. ಅದ್ಕೇ ಸಮುದ್ರದ ಕತೆ ಹೇಳ್ತಿ."

"ಹೌದೆ ಮಾರಾಯ್ತಿ. ನಿನ್ನ ಮನೆ ನೀರು ಕುಡ್ದು ನಂಗೆ ಕೊಂಬು ಬಂದದೆ!"

ನಾಗು ಬರಿಗೊಡವನ್ನು ಸೊಂಟಕ್ಕೇರಿಸಿ ಹೊರಟುಹೋದಳು.

ತೋಡಿದಂತೆ ನೀರು ಉಕ್ಕಿತು. ಕದಡಿದ್ದು ತಿಳಿಯಾಗಲೆಂದು ಜಯಶ್ರೀ ಕೆಲವು ದಿನ ಬಿಟ್ಟಳು. ಮನೆ ಮೆಚ್ಚಿದ್ದ ಅಂಕೋಲೆಯ ವ್ಯಾಪಾರಿ ರೂಪೇಶ ಬಂದ ದಿನ ಮೊದಲ ಕೊಡವನ್ನು ಸೇದಿ ಚಹ ಮಾಡಿದಳು. ಅವನು ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದ.

"ವಹಿನಿ, ಸಕ್ರೆ ಬದ್ಲು ಉಪ್ಪು ಬಿತ್ತ ಹೆಂಗೆ?"

ಅವಳು ಬಾವಿಕಟ್ಟೆಗೆ ಓಡಿ ಬೊಗಸೆ ನೀರನ್ನು ಬಾಯಿಗೆ ಹಾಕಿದಳು. ನುಂಗಲಾಗಲಿಲ್ಲ. ವಿನೋದ ನಗುತ್ತಿದ್ದುದೇಕೆಂದು ಆಗ ತಿಳಿಯಿತು; ತಪ್ಪಾಯಿತೆನ್ನಲು ಅವನಿರಲಿಲ್ಲ.

ಹಿಂದೆಯೇ ಬಂದ ರೂಪೇಶ ಸಮಾಧಾನ ಹೇಳಿದ: "ಬಿಡಿ, ಅಳ್ಬ್ಯಾಡಿ. ನಂಗೆ ಬಾವಿ ಬ್ಯಾಡಾಗಿತ್ತು. ನಳ ಹಾಕ್ಸ್ತೆ. ಇದ್ನ ಮುಚ್ಚಿ ಗಾಡಿ ನಿಲ್ಸುಕೆ ಜಾಗ ಮಾಡ್ತೆ."

ಆಡಿದ ಬೆಲೆಗೇ ಮನೆ ಹೋಯಿತು. ಅಗೆಯದೆ ಇದ್ದಿದ್ದರೂ ಹೋಗುತ್ತಿತ್ತು. ಮುಚ್ಚುವ ದಿನದವರೆಗಾದರೂ ನಾಗುವಿಗೆ ಸಿಹಿ ನೀರು ಉಳಿಯುತ್ತಿತ್ತು.

ಹೊರಡುವ ದಿನ ಜಯಶ್ರೀ ಚಾಪೆ ಸುತ್ತಿದಳು, ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿದಳು, ಬಾಗಿಲಿಗೆ ಬೀಗ ಹಾಕಿದಳು. ದೂರದ ದೇವಸ್ಥಾನದ ಬಾವಿಯಿಂದ ನೀರು ಹೊತ್ತು ನಾಗು ಎದುರಿಗೆ ಬರುತ್ತಿದ್ದಳು. ಬಿಸಿಲಿಗೆ ಅವಳ ಮುಖ ಕಪ್ಪಿಟ್ಟಿತ್ತು.

"ನಾಗಕ್ಕ, ನಾ ಹೋಗ್ತೆ."

"ಹೋಗ್ತೆ ಅನ್ಬಾರ್ದು. ಬತ್ತೆ ಅನ್ನು" ಎಂದಳು ನಾಗು, ನಿಲ್ಲದೆ.

"ಬತ್ತೆ" ಎಂದು ಜಯಶ್ರೀ ಅವಳ ಬೆನ್ನಿಗೆ ಹೇಳಿದಳು. ಗಂಟನ್ನು ತಲೆಗೇರಿಸಿ, ಭವ್ಯಾಳ ಕೈ ಹಿಡಿದು, ಕಾರವಾರದ ಬಸ್ಸಿಗಾಗಿ ಹೆದ್ದಾರಿಯತ್ತ ನಡೆದಳು.